ಒಂಬತ್ತು ದಿನದ ಹಾಲು

ಕರಮಾಡ, ಛತ್ರಪತಿ ಸಂಭಾಜಿನಗರ
19 ಸೆಪ್ಟೆಂಬರ್ 2024

ಅಣ್ಣನವರಿಗೆ ವನಜಾಳ ನಮಸ್ಕಾರ.

ಇನ್ನು ಮುಂದೆ ಫೋನು ಬೇಡ, ಪತ್ರವೇ ಆಗಲಿ. ನೀವು "ಆಂ?" ಅನ್ನುವುದು, ನಾನು ಕೂಗುವುದು, ಕೊನೆಗೆ ನಿಮ್ಮ ಸೊಸೆ ಫೋನು ಇಸಿದುಕೊಂಡು ಮರಾಠಿಯಲ್ಲಿ ನನ್ನನ್ನು ಸಮಾಧಾನ ಮಾಡುವುದು, ಇದು ಸಾಕಾಗಿದೆ. ಅಪ್ಪನಿಗೆ ಅರವತ್ತಕ್ಕೇ ಕಿವಿ ಹೋಗಿತ್ತು. ನಿಮಗೆ ಎರಡು ವರ್ಷ ತಡವಾಗಿ ಹೋಗಿದೆ, ಅಷ್ಟೇ ಲಾಭ. ಪತ್ರದಿಂದ ಇನ್ನೊಂದು ಅನುಕೂಲವೂ ಇದೆ. ನಮ್ಮ ಎರಡೂ ಮನೆಗಳಲ್ಲಿ ಕನ್ನಡ ಓದಲು ಬರುವವರು ನಾವಿಬ್ಬರೇ. ನಮ್ಮ ಮನೆಯವರು ಸೊಲ್ಲಾಪುರದಲ್ಲಿ ಬೆಳೆದವರು, ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಕ್ಕಳ ವಿಷಯ ನಿಮಗೇ ಗೊತ್ತು. ಟೇಬಲ್ ಮೇಲೆ ಬಿಚ್ಚಿಟ್ಟರೂ ನಮ್ಮ ಪತ್ರಕ್ಕೆ ಬೀಗ ಹಾಕಿದಂತೆಯೇ.

ಇಲ್ಲಿಯ ಸುದ್ದಿ ಕೊಟ್ಟಿಗೆಯದು. ಗಣಪತಿ ಕೂಡಿಸಿದ ಮರುದಿನ ಕಾಶಿಗೆ ಕೆಚ್ಚಲು ಬಾವು ಬಂತು, ಸಂಜೆಯೊಳಗೆ ಚಂದ್ರಿಗೂ ಬಂತು. ನನ್ನ ಕೊಟ್ಟಿಗೆಯಲ್ಲಿ ಇರುವುದೇ ಆ ಎರಡು ಹಸು. ಡಾಕ್ಟರು ಐದು ದಿನ ಇಂಜೆಕ್ಷನ್ ಕೊಟ್ಟರು, ಆಮೇಲೂ ನಾಲ್ಕು ದಿನ ಔಷಧದ ಅಂಶ ಹಾಲಿನಲ್ಲಿ ಇಳಿಯುತ್ತದೆ, ಯಾರಿಗೂ ಕೊಡಬೇಡಿ ಎಂದರು. ಸರಿ ಎಂದು ಒಂಬತ್ತು ದಿನ ಎರಡು ಹೊತ್ತು ಕರೆದು ತಿಪ್ಪೆಗೆ ಸುರಿದೆ. ಬಿಳಿ ತಿಪ್ಪೆ ನೋಡಿ ಓಣಿಯವರು ನಕ್ಕರು. ಡೇರಿಯ ಯಂತ್ರ ಫ್ಯಾಟು ಹೇಳುತ್ತದೆ, ನೀರು ಹೇಳುತ್ತದೆ, ಇಂಜೆಕ್ಷನ್ ಹೇಳುವುದಿಲ್ಲವಲ್ಲ, ಹಾಕಿಬಿಡು ಎಂದು ಹೇಳಿದವರೂ ಇದ್ದರು. ಆ ಹಾಲು ಯಾವ ಕೂಸಿನ ಬಾಟಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ನನಗೆ ಮನಸ್ಸಾಗಲಿಲ್ಲ.

ಪಕ್ಕದ ಕೊಟ್ಟಿಗೆಯ ಅಲಕಾ ಇದ್ದಳು, ಆದ್ದರಿಂದ ಹೇಗೋ ನಡೆಯಿತು. ಅವಳ ಬಗ್ಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಗಂಡ ತೀರಿಕೊಂಡ ಮೇಲೆ ಒಂದೇ ಎಮ್ಮೆಯ ಮೇಲೆ ಸಂಸಾರ ನಡೆಸುತ್ತಿರುವ ಹೆಂಗಸು. ಗಣಪತಿ ಕಳಿಸುವ ದಿನ ಮತ್ತೆ ಡೇರಿಗೆ ಹಾಲು ಹಾಕಿದೆ. ಯಂತ್ರದ ಮುಖ ಈಗಲೂ ಡೇರಿಯ ಗುಮಾಸ್ತನ ಕಡೆಗೇ ಇದೆ. ಅವನು ಅಂಕಿ ಓದಿ ಹೇಳುತ್ತಾನೆ, ನಾವು ನಂಬುತ್ತೇವೆ. ಅದನ್ನೊಂದು ದಿನ ನಮ್ಮ ಕಡೆ ತಿರುಗಿಸಬೇಕು ಎಂಬುದೊಂದೇ ನನ್ನ ಆಸೆ.

ನಿಮ್ಮ ತಂಗಿ,
ವನಜಾ


ಓಝರ್, ನಾಶಿಕ
2 ಅಕ್ಟೋಬರ್ 2024

ವನಜಾಳಿಗೆ ಆಶೀರ್ವಾದ.

ಪತ್ರ ಆರು ದಿನಕ್ಕೆ ಬಂತು. ಕರೆದ ಮೇಲೆ ಮೊಲೆಗಳನ್ನು ಔಷಧದ ನೀರಿನಲ್ಲಿ ಅದ್ದು, ಅರ್ಧ ಗಂಟೆ ಹಸುವನ್ನು ಮಲಗಲು ಬಿಡಬೇಡ, ಮೇವು ಹಾಕಿ ನಿಲ್ಲಿಸು. ಎರಡಕ್ಕೂ ಒಂದೇ ಬಟ್ಟೆಯಿಂದ ಒರೆಸುತ್ತಿದ್ದೆ ಎಂದು ನನಗೆ ಖಾತ್ರಿ. ಇಲ್ಲದಿದ್ದರೆ ಒಂದೇ ದಿನ ಎರಡಕ್ಕೂ ಬರುವುದಿಲ್ಲ.

ಹಾಲು ಸುರಿದದ್ದು ಸರಿ. ಮೂವತ್ತಾರು ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್ನಿನಲ್ಲಿ ನನ್ನ ಕೈಯಲ್ಲಿ ಎರಡೇ ಮುದ್ರೆ ಇದ್ದವು, ಪಾಸು ಮತ್ತು ರಿಜೆಕ್ಟು. ಬೇರೆಯವರ ಕೆಲಸದ ಮೇಲೆ ಮುದ್ರೆ ಒತ್ತುವುದು ಕಷ್ಟವಲ್ಲ. ನೀನು ನಿನ್ನ ಹಾಲಿನ ಮೇಲೆಯೇ ಒತ್ತಿದ್ದೀಯ. ಇದಕ್ಕಿಂತ ಹೆಚ್ಚು ಹೊಗಳಿದರೆ ಕೊಬ್ಬುತ್ತೀಯ.

ನನ್ನ ಆರು ಎಮ್ಮೆಗಳು ಆರಾಮಾಗಿವೆ. ಶನಿವಾರಕ್ಕೊಮ್ಮೆ ನಾಶಿಕಕ್ಕೆ ಹೋಗಿ ಸದಾನಂದರ ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಬರುತ್ತೇನೆ. ಅವರು ಕುಂದಾಪುರದವರು, ಅವರ ಕನ್ನಡ ನನಗೆ ಕಿವಿ ಇದ್ದಾಗಲೂ ಅರ್ಧವೇ ತಿಳಿಯುತ್ತಿತ್ತು. ನಿನ್ನ ಪತ್ರ ಓದುತ್ತಿದ್ದಾಗ ಸೊಸೆ ಅಡುಗೆಮನೆಯಿಂದ ಬಂದು ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಕೇಳಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಇತ್ತೀಚೆಗೆ ಏನೇನೋ ಕೇಳಿಸುತ್ತದೆ.

ಲಿಂಗರಾಜು


ಕರಮಾಡ
5 ಮೇ 2025

ಅಣ್ಣನವರಿಗೆ ನಮಸ್ಕಾರ.

ಚಳಿಗಾಲದಲ್ಲಿ ಎರಡು ಸಾಲು ಬರೆದದ್ದು ಬಿಟ್ಟರೆ ಇಷ್ಟು ದಿನ ಸುಮ್ಮನಿದ್ದೆ. ಈಗ ಕೆಲಸವಿದೆ, ಆದ್ದರಿಂದ ನೆನಪಾಗಿದೆ ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ನಮ್ಮ ಗೋದಾಕಾಠ ಹಾಲು ಉತ್ಪಾದಕರ ಸಂಘದ ಆಡಳಿತ ಮಂಡಳಿಗೆ ಚುನಾವಣೆ ಬಂದಿರುವುದು ನಿಮಗೂ ತಿಳಿದಿರಬೇಕು. ಮಹಿಳೆಯರಿಗೆ ಒಂದು ಜಾಗ. ಅದಕ್ಕೆ ನಿಮ್ಮ ಜಿಲ್ಲೆ, ನಮ್ಮ ಜಿಲ್ಲೆ ಎರಡರ ಸದಸ್ಯರೂ ಮತ ಹಾಕಬೇಕು. ಹತ್ತು ವರ್ಷದಿಂದ ಪಿಂಪಳಗಾಂವ್ ಬಸವಂತದ ಸರೋಜಿನಿತಾಯಿ ಬಿನ್‌ವಿರೋಧ, ಎದುರಾಳಿಯೇ ಇಲ್ಲದೆ, ಆರಿಸಿ ಬರುತ್ತಿದ್ದಾರೆ. ಕೆಟ್ಟವರಲ್ಲ. ಹಾಲು ಕರೆದು ಗೊತ್ತಿಲ್ಲ, ಅಷ್ಟೇ. ಈ ಸಲ ನಾನು ನಿಲ್ಲುತ್ತೇನೆ.

ನಗಬೇಡಿ. ಪ್ರತಿ ಡೇರಿಯಲ್ಲಿ ಯಂತ್ರದ ಮುಖ ಹಾಲು ಹಾಕುವವರ ಕಡೆ ಇರಬೇಕು, ಇದೊಂದೇ ನನ್ನ ಮಾತು. ಕಳೆದ ತಿಂಗಳು ನನ್ನ ಹಾಲಿನ ಫ್ಯಾಟು ಎಷ್ಟು ಎಂದು ಇಣುಕಿದ್ದಕ್ಕೆ ಗುಮಾಸ್ತ ಯಂತ್ರದ ಮೇಲೆ ಟವೆಲ್ ಹೊದಿಸಿದ. ನಲವತ್ತೇಳು ವರ್ಷದ ಹೆಂಗಸು ನಾನು, ನನ್ನ ಹಸುವಿನ ಹಾಲನ್ನು ನನ್ನಿಂದಲೇ ಮುಚ್ಚಿಟ್ಟರೆ ಹೇಗನಿಸಬೇಡ? ಅವತ್ತು ಮನೆಗೆ ಬಂದು ಅತ್ತೆ. ಆಮೇಲೆ ಅರ್ಜಿ ಫಾರ್ಮು ತರಿಸಿದೆ. ಅಲಕಾ ಸೂಚಕಿಯಾಗಿ ಸಹಿ ಮಾಡಿದಳು, ಅವಳ ಜೀವನದಲ್ಲಿ ಹೆಬ್ಬೆಟ್ಟು ಬಿಟ್ಟು ಮಾಡಿದ ಮೊದಲ ಸಹಿಯಂತೆ.

ವರ್ಷಕ್ಕೆ ಮುನ್ನೂರು ದಿನ ಹಾಲು ಹಾಕಿದವರು ಮಾತ್ರ ನಿಲ್ಲಬಹುದು ಎಂಬ ನಿಯಮವಿದೆ. ಡೇರಿಯ ಪುಸ್ತಕದಲ್ಲಿ ನನ್ನ ಸದಸ್ಯ ನಂಬರಿಗೆ ಮುನ್ನೂರ ಐದು ದಿನ ಬಿದ್ದಿದೆ. ಎರಡೂ ಹಸು ಬತ್ತಿದ್ದ ಅರವತ್ತು ದಿನ ಖಾಲಿ, ಉಳಿದದ್ದು ಸರಿಯಿದೆ. ನಿಮ್ಮ ಡೇರಿಯಲ್ಲಿ ಮೂವತ್ತೊಂದು ಸದಸ್ಯರು. ನಿಮ್ಮ ಮಾತಿಗೆ ಅಲ್ಲಿ ಬೆಲೆಯಿದೆ ಎಂದು ನಿಮ್ಮ ಬಾಯಿಂದಲೇ ಕೇಳಿದ್ದೇನೆ. ನೋಡೋಣ.

ವನಜಾ


ಓಝರ್
12 ಮೇ 2025

ವನಜಾಳಿಗೆ ಆಶೀರ್ವಾದ.

ನಗಲಿಲ್ಲ. ಮೂವತ್ತೊಂದು ಮತ ನಿನ್ನವು ಎಂದು ಬರೆದಿಟ್ಟುಕೋ. ಇಪ್ಪತ್ತು ಜನರ ಮನೆಗೆ ಆಗಲೇ ಹೋಗಿ ಬಂದಿದ್ದೇನೆ. ಎಲ್ಲರೂ ಚಹಾ ಕೊಟ್ಟರು. ಇಬ್ಬರು ನಿನ್ನ ಹೆಸರು ಕೇಳಿ, ನೀವು ಕಾನಡಿ ಮಂದಿ ಇಲ್ಲಿ ಡೇರಿಯನ್ನೂ ಬಿಡುವುದಿಲ್ಲವಲ್ಲ, ಹೋಟೆಲುಗಳು ಸಾಲವೇ ಎಂದು ನಕ್ಕರು. ಅಪ್ಪ ಬೀಳಗಿಯಿಂದ ಇಲ್ಲಿಗೆ ಬಂದು ಐವತ್ತೆಂಟು ವರ್ಷವಾಯಿತು ಎಂದೆ. ಚಹಾ ತಣ್ಣಗಾಯಿತು ಎಂದು ಇನ್ನೊಂದು ಕಪ್ಪು ತರಿಸಿದರು.

ನಾಶಿಕ ಪೇಟೆಯ ಕಡೆ ಹದಿನೆಂಟು ಸದಸ್ಯರಿದ್ದಾರೆ. ಅವರಲ್ಲಿ ಹೆಚ್ಚಿನವರು ಸದಾನಂದರಿಗೆ ಪರಿಚಯ. ಶನಿವಾರ ಅವರ ಹೋಟೆಲಿನಲ್ಲಿ ಕುಳಿತು ನಿನ್ನ ಗುಣದ ಬಗ್ಗೆ ಒಂದು ಮಾತು ಅವರ ಕಿವಿಗೆ ಹಾಕಿ ಬಂದಿದ್ದೇನೆ. ಯಾವ ಮಾತು ಎಂದು ಕೇಳಬೇಡ, ಗೆದ್ದ ಮೇಲೆ ಹೇಳುತ್ತೇನೆ. ಮೆಲ್ಲಗೆ, ಅವರಿಗಷ್ಟೇ ಕೇಳಿಸುವಂತೆ ಹೇಳಿದೆ. ಅದೂ ಕನ್ನಡದಲ್ಲಿ. ಪಕ್ಕದ ಮೇಜಿನ ಇಬ್ಬರು ತಿರುಗಿ ನೋಡಿದರು, ನಮ್ಮ ಭಾಷೆ ಅವರಿಗೆ ವಿಚಿತ್ರ ಎನಿಸಿರಬೇಕು. ಸದಾನಂದರು ಯಾಕೋ ಎರಡು ಸಲ ಕೈಸನ್ನೆ ಮಾಡಿದರು. ಕಾಫಿ ಇನ್ನೊಂದು ಬೇಕೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಬೇಡ ಎಂದೆ.

ಒಬ್ಬಳೇ ಊರೂರು ಅಲೆಯಬೇಡ. ಬಿಸಿಲು ಬಹಳ.

ಲಿಂಗರಾಜು


ಕರಮಾಡ
9 ಜೂನ್ 2025

ಅಣ್ಣನವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನ ಅರ್ಜಿಯ ಮೇಲೆ ಆಕ್ಷೇಪಣೆ ಬಂದಿದೆ. ಸೆಪ್ಟೆಂಬರ್ ಎಂಟರಿಂದ ಹದಿನಾರರವರೆಗೆ ನನ್ನ ಹಸುಗಳಿಗೆ ಇಂಜೆಕ್ಷನ್ ನಡೆದಿತ್ತು, ಆ ಒಂಬತ್ತು ದಿನ ನಾನು ಡೇರಿಗೆ ಹಾಲು ಹಾಕಿಲ್ಲ, ಆದರೂ ನನ್ನ ನಂಬರಿನಲ್ಲಿ ಹಾಲು ಬಿದ್ದಿದೆ, ಅದು ಯಾರ ಹಾಲು ಎಂದು ಕೇಳಿದ್ದಾರೆ. ಹನ್ನೆರಡರಂದು ನಾಶಿಕದ ಸಂಘದ ಕಚೇರಿಯಲ್ಲಿ ಚುನಾವಣಾಧಿಕಾರಿಯ ಮುಂದೆ ಉತ್ತರ ಕೊಡಬೇಕು. ಅರ್ಜಿ ವಾಪಸು ತೆಗೆದುಕೊಂಡರೂ ಉತ್ತರ ಮಾತ್ರ ಕೊಡಲೇಬೇಕಂತೆ.

ನಾನೂ ಅಲಕಾಳೂ ಬರುತ್ತೇವೆ. ನಿಮ್ಮ ಮನೆಗೆ ಬರಲಾಗುವುದಿಲ್ಲ, ಸಂಜೆಯ ಹಾಲಿನೊಳಗೆ ವಾಪಸು ಬರಬೇಕು. ನೀವೂ ಅಲ್ಲಿಗೆ ಬರಬೇಡಿ. ಯಾರು ಕೇಳಿದರೂ ಈ ವಿಷಯದಲ್ಲಿ ಒಂದು ಮಾತೂ ಆಡಬೇಡಿ. ಇದನ್ನು ಮಾತ್ರ ನಡೆಸಿಕೊಡಿ.

ವನಜಾ


ಓಝರ್
20 ಜೂನ್ 2025

ವನಜಾಳಿಗೆ,

ನಿನ್ನ ಪತ್ರ ನನ್ನ ಕೈಗೆ ಸಿಕ್ಕದ್ದು ಹದಿನಾಲ್ಕಕ್ಕೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನೀನು ಓಝರ್ ದಾಟಿ ನಾಶಿಕಕ್ಕೆ ಹೋಗಿ, ಓಝರ್ ದಾಟಿ ವಾಪಸು ಹೋದೆ ಎಂಬುದು ನನಗೆ ತಿಳಿದದ್ದು ಬೇರೆಯವರಿಂದ. ಸಂಘದ ಕಚೇರಿಗೆ ಹೋಗಿದ್ದ ನಮ್ಮ ಡೇರಿಯ ಕಾರ್ಯದರ್ಶಿ ಪ್ರಭಾಕರ ಎಲ್ಲವನ್ನೂ ಚೀಟಿಯಲ್ಲಿ ಬರೆದು ತೋರಿಸಿದ.

ಅಧಿಕಾರಿ ಆ ಹಾಲು ಯಾರದು ಎಂದು ಕೇಳಿದ. ನೀನು "ನನ್ನದೇ" ಎಂದೆ. ಇಂಜೆಕ್ಷನ್ ನಡೆದಿತ್ತಲ್ಲ ಎಂದದ್ದಕ್ಕೆ "ನಡೆದಿತ್ತು, ಆದರೂ ಹಾಕಿದೆ" ಎಂದೆ. ಅದಕ್ಕೆ ಒಂದು ಎಚ್ಚರಿಕೆ ಪತ್ರ ಕೊಟ್ಟು ನಿನ್ನ ಹೆಸರನ್ನು ಉಳಿಸಿಕೊಂಡರು. ಆ ಒಂಬತ್ತು ದಿನ ಬಿಟ್ಟರೆ ನಿನ್ನದು ಇನ್ನೂರ ತೊಂಬತ್ತಾರು ದಿನವಾಗುತ್ತಿತ್ತು ಎಂದು ನಾನೂ ಕಳೆದು ನೋಡಿದೆ. ನಾಲ್ಕು ದಿನದ ಕೊರತೆ ಮುಚ್ಚಲು ಎಷ್ಟು ದೂರ ಹೋದೆ ಎಂಬುದೂ ತಿಳಿಯಿತು.

ಈಗ ನನ್ನ ಮುಂದೆ ಇಬ್ಬರು ವನಜಾ ಇದ್ದಾರೆ. ಸೆಪ್ಟೆಂಬರಿನ ಪತ್ರದಲ್ಲಿ ತಿಪ್ಪೆಗೆ ಹಾಲು ಸುರಿದವಳು ಒಬ್ಬಳು, ಅಧಿಕಾರಿಯ ಮುಂದೆ ಡೇರಿಗೆ ಹಾಕಿದೆ ಎಂದವಳು ಇನ್ನೊಬ್ಬಳು. ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ. ಕಚೇರಿಯಲ್ಲಿ ನಿಂತು ತನಗೇ ಕೆಟ್ಟ ಹೆಸರು ತರುವ ಸುಳ್ಳನ್ನು ಯಾರೂ ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು ನನಗೆ. ಇಂಜೆಕ್ಷನ್ ಸಂಗತಿ ಅವರಿಗೆ ಹೇಗೆ ತಿಳಿಯಿತು ಎಂಬುದು ಈಗ ಮುಖ್ಯವಲ್ಲ. ಆಕ್ಷೇಪಣೆ ಹಾಕಿದವನು ಸರೋಜಿನಿತಾಯಿಯವರ ಏಜೆಂಟ್ ಸೋಮಲಿಂಗ ಎಂಬುವನಂತೆ, ವಿಜಯಪುರದ ಕಡೆಯವನಂತೆ. ಅವನ ಪರಿಚಯ ನನಗಿಲ್ಲ.

ಆ ಮೂವತ್ತೊಂದು ಜನರ ಮುಂದೆ ಇನ್ನು ನಿನ್ನ ಹೆಸರು ಹೇಳಲಾರೆ. ವಿರುದ್ಧವೂ ಹೇಳುವುದಿಲ್ಲ. ಅವರಿಗೆ ತಿಳಿದ ಹಾಗೆ ಮಾಡಲಿ.

ಲಿಂಗರಾಜು


ಕರಮಾಡ
15 ಜುಲೈ 2025

ಅಣ್ಣನವರಿಗೆ ನಮಸ್ಕಾರ.

ಫಲಿತಾಂಶ ನಿಮಗೂ ತಿಳಿದಿರಬೇಕು. ಹತ್ತೊಂಬತ್ತು ಮತಗಳಿಂದ ಸೋತೆ. ನಮ್ಮ ಜಿಲ್ಲೆಯಲ್ಲಿ ಮುಂದಿದ್ದೆ, ನಿಮ್ಮ ಜಿಲ್ಲೆಯ ಪೆಟ್ಟಿಗೆ ತೆರೆದ ಮೇಲೆ ಹಿಂದೆ ಬಿದ್ದೆ. ನಿಮ್ಮ ಡೇರಿಯ ಮತಗಳನ್ನು ಬೇರೆಯಾಗಿ ಎಣಿಸಿದರು, ನನಗೆ ಬಿದ್ದದ್ದು ನಾಲ್ಕು. ಅದರಲ್ಲಿ ನಿಮ್ಮದೂ ಒಂದು ಇರಬಹುದು ಎಂದುಕೊಂಡಿದ್ದೇನೆ.

ಸೋತದ್ದಕ್ಕೆ ಈ ಪತ್ರವಲ್ಲ. ನಿಮ್ಮ ಜೂನ್ ತಿಂಗಳ ಪತ್ರಕ್ಕೆ ಉತ್ತರ ಕೊಡಬಾರದು ಎಂದು ಇಪ್ಪತ್ತು ದಿನ ಹಲ್ಲು ಕಚ್ಚಿಕೊಂಡಿದ್ದೆ. ಆಗಲಿಲ್ಲ. ಊರೆಲ್ಲ ನಂಬಿದರೆ ನಂಬಲಿ ಎಂದುಕೊಂಡೇ ಹೇಳಿದ್ದೆ, ಆದರೆ ನೀವು ನಂಬಬಾರದಿತ್ತು. ನಿಮ್ಮ ಪತ್ರ ಓದಿದ ದಿನ ಹಸುಗಳಿಗೆ ನೀರು ಕುಡಿಸಲೂ ಮರೆತೆ. ಈಗ ನಿಜ ಬರೆಯುತ್ತೇನೆ. ಮೊದಲು ಬಾಯಿ ಮುಚ್ಚಿಕೊಳ್ಳಿ, ಆಮೇಲೆ ಓದಿ. ನಿಮ್ಮ ಸೊಸೆಗೆ ಭ್ರಮೆ ಇಲ್ಲ ಅಣ್ಣಾ, ನೀವು ಪತ್ರಗಳನ್ನು ಜೋರಾಗಿ ಓದುತ್ತೀರಿ.

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಯಾರ ಮನೆಯಲ್ಲಾದರೂ ಸೂತಕ, ಬಾಣಂತನ, ಮದುವೆ ಬಂದು ಡೇರಿಗೆ ಹೋಗಲಾಗದಿದ್ದರೆ, ಪಕ್ಕದವರು ತಮ್ಮ ಹಾಲಿನಲ್ಲಿ ಅರ್ಧ ಲೀಟರ್ ತೆಗೆದು ಅವರ ನಂಬರಿಗೆ ಹಾಕುತ್ತಾರೆ. ನಂಬರು ಖಾಲಿ ಬಿಡಬಾರದು ಎನ್ನುತ್ತಾರೆ. ಹಾಲಿನ ಹಣವನ್ನು ಆಮೇಲೆ ಹಾಕಿದವರಿಗೇ ಕೊಟ್ಟುಬಿಡುತ್ತೇವೆ. ಅಲಕಾಳ ಗಂಡ ತೀರಿಕೊಂಡಾಗ ಹದಿಮೂರು ದಿನ ಅವಳ ನಂಬರನ್ನು ನಾನು ತುಂಬಿದ್ದೆ. ಸೆಪ್ಟೆಂಬರಿನಲ್ಲಿ ನಾನು ತಿಪ್ಪೆಗೆ ಸುರಿಯುತ್ತಿದ್ದ ಒಂಬತ್ತು ದಿನ ಅವಳು ನನ್ನ ನಂಬರನ್ನು ತುಂಬಿದಳು. ಇದನ್ನು ನಿಮಗೆ ಆಗ ಬರೆಯಲಿಲ್ಲ. ಇನ್‌ಸ್ಪೆಕ್ಷನ್ ಮನುಷ್ಯ, ರಿಜೆಕ್ಟ್ ಮುದ್ರೆ ಒತ್ತುತ್ತೀರಿ ಎಂದು ಬಿಟ್ಟೆ.

ಸಂಘದ ನಿಯಮದಲ್ಲಿ ಇಂಜೆಕ್ಷನ್ ಹಾಲು ಹಾಕಿದರೆ ಎಚ್ಚರಿಕೆ. ಇನ್ನೊಬ್ಬರ ನಂಬರಿಗೆ ಹಾಕಿದರೆ ಇಬ್ಬರ ಸದಸ್ಯತ್ವವೂ ರದ್ದು, ಅದಕ್ಕೆ ಇಂತಿಷ್ಟು ವರ್ಷ ಎಂಬ ಮಿತಿ ಇಲ್ಲ. ನನ್ನ ಸದಸ್ಯತ್ವ ಹೋದರೆ ನಮ್ಮ ಮನೆಯವರ ಪಗಾರವಿದೆ. ಅಲಕಾಳಿಗೆ ಆ ಎಮ್ಮೆ, ಆ ನಂಬರು ಬಿಟ್ಟರೆ ಬೇರೇನೂ ಇಲ್ಲ. ಅಧಿಕಾರಿ ಕೇಳಿದಾಗ ಅವಳು ನನ್ನ ಹಿಂದಿನ ಬೆಂಚಿನಿಂದ ಎದ್ದಳು, ಹೇಳಿಬಿಡುವವಳೇ ಇದ್ದಳು. ಸೆರಗು ಹಿಡಿದು ಜಗ್ಗಿ ಕೂಡಿಸಿದೆ. ಆಮೇಲೆ "ನನ್ನದೇ" ಎಂದೆ. ಕುರ್ಚಿಯ ಆಸೆ ಇರಲಿಲ್ಲ ಎಂದು ಹೇಳುವುದಿಲ್ಲ, ಇತ್ತು. ಆದರೆ ಆ ಮಾತು ಕುರ್ಚಿಗಾಗಿ ಹೇಳಿದ್ದಲ್ಲ. ಅದನ್ನು ಹೇಳಿದ ಕೂಡಲೇ ಸೋತೆ ಎಂದು ಅಲ್ಲೇ ಗೊತ್ತಾಯಿತು.

ವನಜಾ


ಓಝರ್
24 ಜುಲೈ 2025

ವನಜಾ,

ಬಾಯಿ ಮುಚ್ಚಿಕೊಂಡು ಓದಿದೆ. ಎಮ್ಮೆಗಳ ಹತ್ತಿರ ಹೋಗಿ, ಬಾಯಿಗೆ ಟವೆಲ್ ಒತ್ತಿಕೊಂಡು.

ನೀನು ಬರೆದ ಆ ನಾಲ್ಕು ಮತಗಳಲ್ಲಿ ನನ್ನದು ಇರಲಿಲ್ಲ. ಮತದಾನದ ದಿನ ನಾನು ಮನೆಯಿಂದ ಹೊರಬೀಳಲಿಲ್ಲ. ಬೆಳಗ್ಗೆ ಏಳೆಂಟು ಜನ ಬಂದು ಯಾರಿಗೆ ಹಾಕೋಣ ಎಂದು ಕೇಳಿದರು, ಕೈ ಆಡಿಸಿ ಕಳಿಸಿದೆ. ಅವರು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ನಾನು ಬಾಗಿಲು ಹಾಕಿಕೊಂಡೆ. ಹತ್ತೊಂಬತ್ತು ಎಲ್ಲಿಂದ ಬಂತು ಎಂದು ನಿನಗೆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಕ್ಷಮಿಸು ಎಂದು ಬರೆದು ಮುಗಿಸುತ್ತಿದ್ದೆ. ಇನ್ನೊಂದಿದೆ. ಇಂಜೆಕ್ಷನ್ ಸಂಗತಿ ಅವರಿಗೆ ಹೇಗೆ ತಿಳಿಯಿತು ಎಂಬುದು ಮುಖ್ಯವಲ್ಲ ಎಂದು ಬರೆದಿದ್ದೆನಲ್ಲ, ಅದು ಬೇಕೆಂದೇ ಬರೆದದ್ದು. ಅವರಿಗೆ ಹೇಳಿದವನು ನಾನು. ಸದಾನಂದರ ಕಿವಿಗೆ ಹಾಕಿದ ಮಾತು ಅದೇ. ನನ್ನ ತಂಗಿ ಎಂಥವಳು ಗೊತ್ತೇನ್ರಿ, ಒಂಬತ್ತು ದಿನದ ಹಾಲನ್ನು ತಿಪ್ಪೆಗೆ ಚೆಲ್ಲಿದಳು, ಒಂದು ಹನಿ ಡೇರಿಗೆ ಹಾಕಲಿಲ್ಲ ಎಂದಿದ್ದೆ. ಗಣಪತಿಯ ದಿನಗಳು ಎಂದೂ ಹೇಳಿದ್ದೆ. ಪಕ್ಕದ ಮೇಜಿನಿಂದ ತಿರುಗಿ ನೋಡಿದ ಇಬ್ಬರಲ್ಲಿ ಒಬ್ಬ ಆ ಸೋಮಲಿಂಗ. ನಮ್ಮ ಕನ್ನಡ ನಮಗಷ್ಟೇ ಎಂದುಕೊಂಡು, ಇಡೀ ನಾಶಿಕದ ಕನ್ನಡದವರು ಬಂದು ಕೂಡುವ ಹೋಟೆಲಿನಲ್ಲಿ ಗುಟ್ಟು ಹೇಳಿದೆ. ದನಿ ಎಷ್ಟಿತ್ತು ಎಂದು ಆಮೇಲೆ ಸದಾನಂದರನ್ನು ಕೇಳಿದೆ. ಇಡ್ಲಿ ಬೇಯಿಸುವ ಹುಡುಗರೂ ನಿಮ್ಮ ತಂಗಿಯನ್ನು ಹೊಗಳಿದರು ಎಂದು ಕಾಗದದ ಮೇಲೆ ಬರೆದು ತೋರಿಸಿದರು.

ಜೂನ್ ಹದಿನಾಲ್ಕರ ಶನಿವಾರ ಸದಾನಂದರು ಬರೆದು ತೋರಿಸಿದಾಗಲೇ ನನಗೆ ಇದೆಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ನಿನಗೆ ಆ ಪತ್ರ ಬರೆದೆ. ನೀನು ಸುಳ್ಳಿ ಎಂದಾದರೆ ನನ್ನ ತಪ್ಪು ಚಿಕ್ಕದಾಗುತ್ತದೆ ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿರಬೇಕು. ಅರವತ್ತಮೂರು ವರ್ಷದವನಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇನ್ನು ಮುಂದೆ ಹೋಟೆಲಿಗೂ ಹೋಗುವುದಿಲ್ಲ, ಯಾರೊಡನೆಯೂ ಮಾತಾಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಲಿಂಗರಾಜು


ಕರಮಾಡ
4 ಆಗಸ್ಟ್ 2025

ಅಣ್ಣನವರಿಗೆ ವನಜಾಳ ನಮಸ್ಕಾರ.

ನನಗೆ ಗೊತ್ತಿತ್ತು. ಜೂನ್ ಏಳನೇ ತಾರೀಖಿನಿಂದಲೇ ಗೊತ್ತಿತ್ತು. ಆಕ್ಷೇಪಣೆ ಎರಡು ಪುಟ ಇತ್ತು. ಎರಡನೆಯ ಪುಟದಲ್ಲಿ ಮರಾಠಿಯಲ್ಲಿ ಚೊಕ್ಕವಾಗಿ ಬರೆದಿದ್ದರು: ಉಮೇದುವಾರಳ ಖಾಸಾ ಅಣ್ಣನೇ ಮೇ ಹತ್ತರ ಶನಿವಾರ ನಾಶಿಕದ ಹೋಟೆಲೊಂದರಲ್ಲಿ, ಹಾಜರಿದ್ದ ಎಲ್ಲರಿಗೂ ಕೇಳಿಸುವ ದನಿಯಲ್ಲಿ, ಈ ಸಂಗತಿ ಹೇಳಿದ್ದಾರೆ. ಅದನ್ನು ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನೀವು ನನ್ನನ್ನು ಎದುರಿಗೆ ಒಮ್ಮೆಯೂ ಹೊಗಳಿದವರಲ್ಲ. ಹೊಗಳಿದ್ದು ಸರಕಾರಿ ಮೊಹರಿನ ಕಾಗದದಲ್ಲಿ ಸಿಕ್ಕಿತು. ಆ ಪುಟವನ್ನು ಇಟ್ಟುಕೊಂಡಿದ್ದೇನೆ.

ನಿಮಗೆ ಹೇಳಲಿಲ್ಲ, ಯಾಕೆಂದರೆ ಹೇಳಿದ್ದರೆ ಈಗ ಬರೆದಿದ್ದೀರಲ್ಲ, ಅದನ್ನೇ ಆಗಲೂ ಮಾಡುತ್ತಿದ್ದಿರಿ. ಕಿವಿ ಹೋಗಿದೆ, ಮಾತನ್ನೂ ನಿಲ್ಲಿಸಿದರೆ ಎಮ್ಮೆಗಳಿಗೂ ನಿಮಗೂ ಏನು ವ್ಯತ್ಯಾಸ? ನಿಮ್ಮ ಮನೆಗೆ ಬರದೆ ಹೋದದ್ದೂ ಅದಕ್ಕೇ. ಬಂದಿದ್ದರೆ ನಿಮ್ಮ ಮುಖ ನೋಡಿ ಹೇಳಿಬಿಡುತ್ತಿದ್ದೆ. ನೀವು ಮನೆಬಾಗಿಲು ಹಾಕಿಕೊಂಡ ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ಅದು ಹೋಗಲು ದಿನ ಹಿಡಿಯುತ್ತದೆ, ನೀವು ಅವಸರ ಮಾಡಬೇಡಿ.

ಇಲ್ಲಿ ಡೇರಿಯಲ್ಲಿ ಒಂದು ಬದಲಾವಣೆಯಾಗಿದೆ. ಅಲಕಾ ತನ್ನ ಮನೆಯ ಕನ್ನಡಿ ತಂದು ಗುಮಾಸ್ತನ ಹಿಂದಿನ ಗೋಡೆಗೆ ತೂಗುಹಾಕಿದಳು. ಯಂತ್ರದ ಮುಖ ಅವನ ಕಡೆಗೇ ಇದೆ, ಆದರೆ ಅಂಕಿಗಳು ಕನ್ನಡಿಯಲ್ಲಿ ನಮಗೆ ಕಾಣುತ್ತವೆ, ಉಲ್ಟಾ ಆಗಿ. ಎರಡು ದಿನದಲ್ಲಿ ಎಲ್ಲರೂ ಉಲ್ಟಾ ಓದಲು ಕಲಿತರು. ಕನ್ನಡಿ ಹಾಕಬಾರದು ಎಂದು ಸಂಘದ ಯಾವ ನಿಯಮದಲ್ಲೂ ಇಲ್ಲ, ನಾನು ಪೂರ್ತಿ ಓದಿದ್ದೇನೆ.

ಹೋಟೆಲಿಗೆ ಹೋಗಿ. ಒಂದು ಮಾತು ಮಾತ್ರ ನೆನಪಿರಲಿ. ಯಾರಾದರೂ ನಿಮ್ಮ ತಂಗಿ ಔಷಧದ ಹಾಲು ಹಾಕಿದ್ದು ನಿಜವೇ ಎಂದು ಕೇಳಿದರೆ ಹೌದು ಎನ್ನಿ. ಅಲ್ಲ ಎಂದರೆ ಆ ಹಾಲು ಯಾರದು ಎಂದು ಕೇಳುತ್ತಾರೆ. ಸುಮ್ಮನಿದ್ದರೂ ಕೇಳುತ್ತಾರೆ. ನಿಮಗಿದು ಕಷ್ಟ ಎಂದು ಗೊತ್ತು.

ವನಜಾ


ಓಝರ್
17 ಆಗಸ್ಟ್ 2025

ವನಜಾಳಿಗೆ ಆಶೀರ್ವಾದ.

ನಮ್ಮ ಡೇರಿಯಲ್ಲೂ ಕನ್ನಡಿ ಹಾಕಿಸಿದೆ. ಪ್ರಭಾಕರ ಯಾಕೆ ಎಂದು ಬರೆದು ಕೇಳಿದ, ಎಮ್ಮೆ ಕರೆದು ಬಂದವರು ತಲೆ ಬಾಚಿಕೊಳ್ಳಲಿ ಎಂದೆ. ಮೊದಲ ದಿನವೇ ನನ್ನ ಹಾಲಿನ ಫ್ಯಾಟು ಅವನು ಓದಿದ್ದಕ್ಕಿಂತ ಎರಡು ಪಾಯಿಂಟ್ ಹೆಚ್ಚು ಕಂಡಿತು. ಬೆರಳು ಮಾಡಿ ತೋರಿಸಿದೆ. ಕಣ್ತಪ್ಪು ಎಂದು ತಿದ್ದಿದ.

ನಿನ್ನೆ ಶನಿವಾರ ಸದಾನಂದರ ಹೋಟೆಲಿಗೆ ಹೋದೆ. ಮೂರು ತಿಂಗಳ ಹಿಂದಿನ ಮೇಜು ಖಾಲಿ ಇತ್ತು, ಅಲ್ಲಿಯೇ ಕುಳಿತೆ. ಪಕ್ಕದ ಮೇಜಿನಲ್ಲಿ ಸೋಮಲಿಂಗ ಇದ್ದ, ಈಗ ಮುಖ ಪರಿಚಯವಿದೆ. ಅವನು ನಮಸ್ಕಾರ ಮಾಡಿದ, ನಾನೂ ಮಾಡಿದೆ. ಕಾಫಿ ಬಂತು. ಸದಾನಂದರು ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಎದ್ದು ಬಂದು ಎದುರಿಗೆ ಕುಳಿತರು. ನನಗೆ ತುಟಿ ಓದಲು ಆಗಲೆಂದು ಒಂದೊಂದೇ ಮಾತನ್ನು ಬಿಡಿಸಿ ಕೇಳಿದರು.

"ಅಲ್ಲ ಮಾರಾಯ್ರೆ, ನಿಮ್ಮ ತಂಗಿ ಹಾಲು ಚೆಲ್ಲಿದ್ದು ಅಂತ ನೀವೇ ಹೇಳಿದ್ದಲ್ದಾ? ಈಗ ಕಂಡ್ರೆ ಆ ಮದ್ದಿನ ಹಾಲನ್ನ ಡೇರಿಗೇ ಹಾಕಿದ್ದಂತೆ. ಹೌದಾ?"

ಸೋಮಲಿಂಗ ಇಡ್ಲಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ. ತಿಪ್ಪೆಗೆ ಸುರಿದ ಹಾಲು ನನ್ನ ಕಣ್ಣ ಮುಂದೆ ಇತ್ತು. ನೀನು ಬರೆದಂತೆಯೇ, ಬಿಳಿ.

"ಹೌದ್ರಿ" ಎಂದೆ.

ಎಷ್ಟು ದನಿಯಲ್ಲಿ ಬಂತೋ ನನಗೆ ತಿಳಿಯದು. ಸದಾನಂದರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಆನಿಸಿ ಮುಂದಕ್ಕೆ ಬಾಗಿದರು. ಇನ್ನೊಮ್ಮೆ ಹೇಳಿದೆ.

ಲಿಂಗರಾಜು